ಪಕ್ಕಾ ಆಗುವವರೆಗೆ ಹೇಳಬಾರದ ಮಾತು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಮೈಸೂರಿನಲ್ಲಿ ಏಳನೇ ತರಗತಿಯವರೆಗೆ ಕನ್ನಡದಲ್ಲಿ ಓದಿದೆ. ಇಲ್ಲಿಗೆ, ಅಮೆರಿಕಾಗೆ, ಬಂದ ಮೇಲೆ ಹೈಸ್ಕೂಲನ್ನು ನಡುವಿನಲ್ಲೇ ಬಿಟ್ಟೆ. ನನ್ನ ಒತ್ತಕ್ಷರಗಳು ಸಾಲಿನಿಂದ ಕೆಳಗೆ ಜಾರುತ್ತವೆ, ಬೇಕಾದ ಪದ ಬೇಕಾದಾಗ ಸಿಗುವುದಿಲ್ಲ. ಟೈಪ್ ಮಾಡುವವರಿಗೆ ತೊಂದರೆಯಾದರೆ ದಯವಿಟ್ಟು ಬೈಯಬೇಡಿ. ಕನ್ನಡ ಕೂಟದ ಪತ್ರಿಕೆ ನೋಡಿಕೊಳ್ಳುವ ರಾಜಲಕ್ಷ್ಮಿ ಆಂಟಿ, "ದೊಡ್ಡ ದೊಡ್ಡೋರ ಬಗ್ಗೆ ಎಲ್ಲರೂ ಬರೀತಾರೆ. ನೀನು ನಿನಗೆ ಗೊತ್ತಿರೋ ಯಾರಾದ್ರೂ ಒಬ್ಬರ ಬಗ್ಗೆ ಬರಿ" ಎಂದರು. ನನಗೆ ಚೆನ್ನಾಗಿ ಗೊತ್ತಿರುವುದು ನನ್ನ ದೊಡ್ಡಮ್ಮನ ಮಗಳು ನಮ್ರಾ. ನಾನು ಕಣ್ಣಾರೆ ಕಾಣದ್ದನ್ನು ಅವಳು ಹೇಳಿದ ಹಾಗೇ ಬರೆದಿದ್ದೇನೆ.

ಲಾಸ್ ಏಂಜಲೀಸ್ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನ ಗುಡ್ಡದ ಇಳಿಜಾರಿನಲ್ಲಿರುವ ಮನೆಗೆ ನಮ್ರಾ ಮೈಸೂರಿನಿಂದ ಬಂದಾಗ ಅವಳಿಗೆ ಒಂಬತ್ತು ವರ್ಷ. ತಂದೆ ನೂರುಲ್ಲಾ ಆಸ್ಪತ್ರೆಗಳಿಗೆ ಹೋಗಿ ಡಯಾಲಿಸಿಸ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗಲೂ ಅವರಿಗೆ ರಜೆ ಇರಲಿಲ್ಲ. ಕೆಲಸದಿಂದ ಬಂದರೆ ಗ್ಯಾರೇಜಿನಲ್ಲೇ ಬಟ್ಟೆ ಬದಲಾವಣೆ, ಗ್ಯಾರೇಜಿನಲ್ಲೇ ಹಾಸಿಗೆ. ನಮ್ರಾ ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು, ಒಳಗಿನ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದಳು. ಮುಚ್ಚಿದ ಬಾಗಿಲಿನ ಆ ಕಡೆಯಿಂದ ಅವರು ತುತ್ತಿನ ನಡುವೆ ಆ ದಿನದ ಕಥೆ ಹೇಳುತ್ತಿದ್ದರು. ಯಂತ್ರ ಯಾಕೆ ನಿಂತಿತು, ರಕ್ತ ಯಾವ ಕೊಳವೆಯಲ್ಲಿ ಹೊರಬಂದು ಯಾವುದರಲ್ಲಿ ವಾಪಸು ಹೋಗುತ್ತದೆ, ಮಗ್ಗುಲಿನ ಹಾಸಿಗೆಯ ಮುದುಕ ಏನೆಂದು ಜೋಕ್ ಮಾಡಿದ, ಎಲ್ಲ.

"ಮೆಷೀನ್ ಕೆಟ್ಟರೆ ನಾನು ಸರಿ ಮಾಡ್ತೀನಿ ಬೇಟಾ. ಆ ಮನುಷ್ಯ ಕೆಟ್ಟರೆ ನಾನು ಬ್ಯಾಗ್ ಎತ್ಕೊಂಡು ಪಕ್ಕಕ್ಕೆ ನಿಂತ್ಕೋಬೇಕು" ಎಂದು ಒಂದು ಸಂಜೆ ಅಂದರು. ಡಾಕ್ಟರ್ ಆಗಬೇಕೆಂಬ ಆಸೆ ನಮ್ರಾಳಲ್ಲಿ ಹುಟ್ಟಿದ್ದು ಆ ಮೆಟ್ಟಿಲ ಮೇಲೆ.

ಅವಳು ಚುರುಕು ಹುಡುಗಿ ಎಂದು ಯಾರೂ ಹೇಳುವುದಿಲ್ಲ. ನಿಧಾನ. ಒಂದು ವಿಷಯ ತಲೆಗೆ ಇಳಿಯಬೇಕಾದರೆ ಅದನ್ನು ಮತ್ತೆ ಮತ್ತೆ ಓದಬೇಕು, ಯಾರನ್ನಾದರೂ ಕೇಳಬೇಕು, ತಪ್ಪು ಮಾಡಿ ನೋಡಬೇಕು. ಒಮ್ಮೆ ಇಳಿದರೆ ಮಾತ್ರ ಅಲ್ಲಾಡುವುದಿಲ್ಲ. ಹಾಗಾಗಿ ಯಾವ ವಿಷಯದಲ್ಲಾದರೂ ಅವಳ ಮೊದಲ ಪರೀಕ್ಷೆ ಸಾಧಾರಣ, ಕೊನೆಯದು ತುಂಬ ಒಳ್ಳೆಯದು. ಇದು ಅವಳಿಗೂ ಗೊತ್ತು.

ಇಲ್ಲಿ ಪಿಯುಸಿ ಮುಗಿಸಿ ನೇರವಾಗಿ ಮೆಡಿಕಲ್ ಸೇರುವ ಹಾಗಿಲ್ಲ. ಮೊದಲು ನಾಲ್ಕು ವರ್ಷ ಬೇರೆ ಡಿಗ್ರಿ ಓದಬೇಕು, ಆಮೇಲೆ ಮೆಡಿಕಲ್ ಕಾಲೇಜಿನವರು ಆ ನಾಲ್ಕು ವರ್ಷದ ಅಂಕಗಳನ್ನು ನೋಡಿ ಕರೆಯುತ್ತಾರೆ. ಆ ದಾರಿ ಹಿಡಿದವರನ್ನು ಪ್ರಿಮೆಡ್ ಎನ್ನುತ್ತಾರೆ. 2023ರ ಮಾರ್ಚ್ ತಿಂಗಳಲ್ಲಿ ನಮ್ರಾಳಿಗೆ ಎರಡು ಕಡೆಯಿಂದ ಕರೆ ಬಂತು. ಒಂದು ಲಾಸ್ ಏಂಜಲೀಸ್‌ನ (ನಾವು ಎಲ್.ಎ. ಅನ್ನುತ್ತೇವೆ) ಖಾಸಗಿ ವಿಶ್ವವಿದ್ಯಾಲಯ. ನಾಲ್ಕೂ ವರ್ಷದ ಪೂರ್ತಿ ಫೀಸು ಮಾಫಿ, ಆದರೆ ಪ್ರತಿ ವರ್ಷ ಎಲ್ಲ ವಿಷಯದಲ್ಲೂ ಹೆಚ್ಚುಕಮ್ಮಿ ಎ ಗ್ರೇಡ್ ಉಳಿಸಿಕೊಳ್ಳಬೇಕು. ಒಂದು ವರ್ಷ ಜಾರಿದರೆ ಮಾಫಿ ನಿಂತುಹೋಗುತ್ತದೆ. ಇನ್ನೊಂದು ಸ್ಯಾನ್ ಡಿಯಾಗೋದ ಸರ್ಕಾರಿ ವಿಶ್ವವಿದ್ಯಾಲಯ. ಅವರು ಕೊಡುವುದು ಖರ್ಚಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಉಳಿದದ್ದಕ್ಕೆ ಸಾಲ ಮಾಡಬೇಕು, ಕೆಲಸ ಮಾಡಬೇಕು. ಆದರೆ ಪಾಸಾಗುತ್ತಾ ಇದ್ದರೆ ಸಾಕು, ಗ್ರೇಡಿಗೂ ಹಣಕ್ಕೂ ಗಂಟು ಹಾಕಿರಲಿಲ್ಲ. ಮೇ ಒಂದರೊಳಗೆ ಎರಡರಲ್ಲಿ ಒಂದಕ್ಕೆ ಹೂಂ ಅನ್ನಬೇಕಿತ್ತು.

ನೂರುಲ್ಲಾಗೆ ಇದರಲ್ಲಿ ಯೋಚಿಸುವುದೇ ಇರಲಿಲ್ಲ.

"ಫ್ರೀಯಾಗಿ ಕೊಡ್ತೀವಿ ಅಂದವರನ್ನ ಬಿಟ್ಟು ಸಾಲ ಮಾಡಿ ಓದ್ತಾರೇನೇ? ಆ ಜುಹೈಬ್ ನೋಡು. ಅದೇ ಕಾಲೇಜು, ಅದೇ ಸ್ಕಾಲರ್‌ಶಿಪ್. ಎರಡು ವರ್ಷದಿಂದ ಆರಾಮಾಗಿ ಓದ್ತಾ ಇಲ್ವಾ?"

ಜುಹೈಬ್ ಎಂದರೆ ಅವರ ಹಳೆಯ ಸ್ನೇಹಿತರ ಮಗ. ಅವನ ತಾಯಿ ಅಮ್ರೀನ್ ಆಂಟಿ ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿರುವವರು. ಅವನಿಗೆ ಸೀಟು ಸಿಕ್ಕ ವರ್ಷ ಅವರು ಬೂದುಗುಂಬಳದ ದಮ್‌ರೋಟ್ ಸಿಹಿ ಮಾಡಿ ಡೈಮಂಡ್ ಬಾರ್‌ವರೆಗೂ ತಂದು ಹಂಚಿದ್ದರು.

"ಹಾಗಾದ್ರೆ ಜುಹೈಬ್‌ಗೆ ಒಂದು ಫೋನ್ ಮಾಡಿ ಕೇಳ್ತೀನಿ, ಆ ಗ್ರೇಡ್ ಉಳಿಸ್ಕೊಳ್ಳೋದು ಎಷ್ಟು ಕಷ್ಟ ಅಂತ" ಎಂದಳು ನಮ್ರಾ.

ತಾಯಿ ಕಮರ್ ಜಹಾನ್ ಕೈಯಲ್ಲಿದ್ದ ಸೌಟನ್ನು ಹಾಗೇ ಎತ್ತಿ ಹಿಡಿದರು. "ಕೇಳಿದ್ರೆ ಅವನಿಗೆ ಗೊತ್ತಾಗೋದಿಲ್ವಾ? ಅವನಿಗೆ ಗೊತ್ತಾದ್ರೆ ಅಮ್ರೀನ್‌ಗೆ. ಅಮ್ರೀನ್‌ಗೆ ಗೊತ್ತಾದ್ರೆ ಅಮೆರಿಕಾಗೆ. ಪಕ್ಕಾ ಆಗೋವರೆಗೂ ಬಾಯಿ ಬಿಡಬಾರದು. ನಜರ್ ಬೀಳುತ್ತೆ."

ನಮ್ಮ ಮನೆಗಳಲ್ಲಿ ಇದೊಂದು ಕಾಯಿದೆ. ಒಳ್ಳೆಯದಾಗಲಿ, ಕೆಟ್ಟದ್ದಾಗಲಿ, ಗಟ್ಟಿಯಾಗುವವರೆಗೆ ಹೊರಗೆ ಹೇಳುವುದಿಲ್ಲ. ಹೇಳಿದರೆ ಕಣ್ಣು ತಾಗುತ್ತದೆ. ನೂರುಲ್ಲಾ ಹೊಸ ಕಾರು ತಂದಾಗ ನೋಂದಣಿ ಮುಗಿಯುವವರೆಗೆ ಅದನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರು. ನನ್ನ ತಮ್ಮ ಹುಟ್ಟುತ್ತಾನೆಂದು ಸ್ವಂತ ದೊಡ್ಡಮ್ಮನಿಗೆ ತಿಳಿದಿದ್ದು ಏಳನೇ ತಿಂಗಳಲ್ಲಿ. ಹಾಗಾಗಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನಮಗೆ ತಿಳಿಯುವುದೇ ಸಿಹಿ ಬಂದ ದಿನ. ಸಿಹಿ ಬರದ ವಿಷಯಗಳು ತಿಳಿಯುವುದೇ ಇಲ್ಲ.

ರಂಜಾನ್ ತಿಂಗಳು, ರೋಜಾ ಉಪವಾಸಗಳು ನಡೆಯುತ್ತಿದ್ದವು. ಒಂದು ಶನಿವಾರ ಇಫ್ತಾರಿಗೆ ಬನ್ನಿ ಎಂದು ಅಮ್ರೀನ್ ಆಂಟಿ ಕರೆದರು. ಹೇಗೂ ಅಷ್ಟು ದೂರ ಹೋಗುತ್ತೇವಲ್ಲ, ಕ್ಯಾಂಪಸ್ ಒಂದು ನೋಡಿಬಿಡೋಣ ಎಂದು ನಮ್ರಾ ಗೋಗರೆದಳು. ಕಮರ್ ಜಹಾನ್ ಒಪ್ಪಿದರು, ಷರತ್ತಿನ ಮೇಲೆ. ಯಾರಾದರೂ ಕೇಳಿದರೆ ಬೀಚಿಗೆ ಹೋಗಿದ್ದೆವು ಎನ್ನಬೇಕು.

"ರೋಜಾ ಹಿಡಿದು ಬಿಸಿಲಲ್ಲಿ ಬೀಚಿಗಾ? ಯಾರು ನಂಬ್ತಾರೆ ಅಮ್ಮಿ?"

"ನಂಬೋದು ಅವರ ಕೆಲಸ. ಹೇಳೋದು ನಮ್ಮ ಕೆಲಸ."

ಕ್ಯಾಂಪಸ್ ತುಂಬ ನೀಲಗಿರಿ ಮರಗಳು. ನೂರುಲ್ಲಾ ಕಾರಿನಿಂದ ಇಳಿದವರೇ ಮೂಗೆತ್ತಿ, "ಊಟಿ ವಾಸನೆ ಬರ್ತಾ ಇದೆ" ಎಂದರು. ತಮ್ಮ ಹಠಕ್ಕೆ ವಿರುದ್ಧವಾಗಿ ಅವರಿಗೆ ಜಾಗ ಹಿಡಿಸಿಬಿಟ್ಟಿತ್ತು, ಅದನ್ನು ಒಪ್ಪಿಕೊಳ್ಳಬಾರದೆಂದು ಪಾರ್ಕಿಂಗ್ ಫೀಸನ್ನು ಬೈಯುತ್ತಾ ನಡೆದರು. ಇಳಿಹೊತ್ತಿನ ಅಸರ್ ನಮಾಜಿನ ಸಮಯವಾದಾಗ ಅಪ್ಪ ಅಮ್ಮ ಇಬ್ಬರೂ ಒಂದು ಮರದ ನೆರಳಿನಲ್ಲಿ ಜಾಗ ಹುಡುಕಿಕೊಂಡರು. ಅವರಿಗಿಂತ ಮೊದಲು ನಮಾಜು ಮುಗಿಸಿದ ನಮ್ರಾ ಲೈಬ್ರರಿ ನೋಡಿ ಬರುತ್ತೇನೆಂದು ಹೋದಳು.

ಲೈಬ್ರರಿಯ ಹೊರಗಿನ ಕಟ್ಟೆಯ ಮೇಲೆ, ರಸಾಯನಶಾಸ್ತ್ರದ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಜುಹೈಬ್ ಕುಳಿತಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಬೆಚ್ಚಿದರು.

"ನಾವು ಬೀಚಿಗೆ ಬಂದಿದ್ವಿ" ಎಂದಳು ನಮ್ರಾ, ಕೇಳುವ ಮೊದಲೇ.

ಜುಹೈಬ್ ಸುತ್ತಲಿನ ಕಟ್ಟಡಗಳನ್ನೂ ಅವಳನ್ನೂ ನೋಡಿ ನಕ್ಕ. "ನೈಸ್ ಬೀಚ್."

"ನೀನು ಎಲ್.ಎ.ನಲ್ಲಿ ಇರ್ಬೇಕಿತ್ತಲ್ವಾ?"

ನಗು ನಿಂತಿತು. ಅವನು ಪುಸ್ತಕ ಮುಚ್ಚಿದ. "ಇವತ್ತು ಮನೆಗೆ ಯಾರೋ ಇಫ್ತಾರಿಗೆ ಬರ್ತಾರೆ, ಅವರು ಹೋಗೋವರೆಗೂ ಹೊರಗಿರು ಅಂತ ಅಮ್ಮಿ ಕಳ್ಸಿದ್ರು. ಯಾರು ಅಂತ ಹೇಳ್ಲಿಲ್ಲ."

"ಯಾರೋ ಅಲ್ಲ. ನಾವೇ."

ಆಮೇಲೆ ಅವನು ಹೇಳಿದ. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಕಣ್ಣು ಮಾತ್ರ ನೆಲದ ಮೇಲೆ. ಮೊದಲ ವರ್ಷವೇ ರಸಾಯನಶಾಸ್ತ್ರದಲ್ಲಿ ಸಿ ಬಂತು. ಮುಂದಿನ ಟರ್ಮ್‌ನಲ್ಲಿ ಅದನ್ನು ಸರಿದೂಗಿಸಲು ಇನ್ನೂ ಕಷ್ಟದ ವಿಷಯಗಳನ್ನು ತೆಗೆದುಕೊಂಡ, ಅದರಲ್ಲೂ ಗ್ರೇಡ್ ಬಿತ್ತು. ಸ್ಕಾಲರ್‌ಶಿಪ್ ಹೋಯಿತು. ಅಷ್ಟು ಫೀಸು ಕಟ್ಟಲಾಗದೆ ಮನೆಗೆ ಬಂದ. ಈಗ ಕಡಿಮೆ ಖರ್ಚಿನ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ಸೆಪ್ಟೆಂಬರಿಗೆ ಈ ವಿಶ್ವವಿದ್ಯಾಲಯಕ್ಕೇ ಸೇರಲು ಅಪ್ಲೈ ಮಾಡಿದ್ದಾನೆ. ಮನೆಗೆ ನಮ್ಮವರು ಯಾರು ಬಂದರೂ ಅವನು ಎಲ್.ಎ.ನಲ್ಲಿ ಇರುತ್ತಾನೆ, ಅಂದರೆ ಇಲ್ಲಿ, ಈ ಕಟ್ಟೆಯ ಮೇಲೆ.

"ಸಿ ಬಂದ ತಕ್ಷಣ ಯಾರನ್ನಾದ್ರೂ ಕೇಳ್ಬೇಕಿತ್ತು ಅಲ್ವಾ? ಪ್ರೊಫೆಸರ್‌ನ?"

"ಕೇಳಿದ್ರೆ ಗೊತ್ತಾಗೋದಿಲ್ವಾ?" ಎಂದ ಜುಹೈಬ್.

ಸೌಟು ಹಿಡಿದ ತನ್ನ ತಾಯಿಯ ಮಾತನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ನಮ್ರಾ ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಯಾರಿಗೂ ಹೇಳ್ಬೇಡ. ಪ್ರಾಮಿಸ್ ಮಾಡು. ಅಮ್ಮಿಗೆ ತುಂಬಾ ಅವಮಾನ ಆಗುತ್ತೆ."

ನಮ್ರಾ ಮಾತು ಕೊಟ್ಟಳು. ಕೊಟ್ಟು ನಾಲ್ಕು ಹೆಜ್ಜೆ ಬಂದ ಮೇಲೆ ತಾನೇನು ಮಾಡಿಕೊಂಡೆನೆಂದು ಹೊಳೆಯಿತು. ಗ್ರೇಡಿನ ಷರತ್ತಿಗೆ ಹೆದರಲು ಅಪ್ಪನಿಗೆ ಹೇಳಬಹುದಾದ ಒಂದೇ ಒಂದು ಗಟ್ಟಿ ಕಾರಣ ಸಿಕ್ಕಿತ್ತು. ಅದನ್ನು ಅವನ ಕೈಗೇ ವಾಪಸು ಕೊಟ್ಟು ಬಂದಿದ್ದಳು.

ಅಮ್ರೀನ್ ಆಂಟಿಯ ಅಪಾರ್ಟ್‌ಮೆಂಟಿನಲ್ಲಿ ದಸ್ತರ್‌ಖಾನ್ ಬಟ್ಟೆ ಹಾಸಿ ಖರ್ಜೂರ, ಕಲ್ಲಂಗಡಿ, ಖೀಮಾ ಸಮೋಸ, ಗಂಜಿ ಎಲ್ಲ ಜೋಡಿಸಿದ್ದರು. ಅವರ ಯಜಮಾನರು ಬೆಂಗಳೂರಿಗೆ ಹೋಗಿದ್ದರು. ಫೋನಿನಲ್ಲಿ ಅಜಾನ್ ಆಯಿತು. ಎಲ್ಲರೂ ಖರ್ಜೂರ ಬಾಯಿಗಿಟ್ಟರು.

"ಜುಹೈಬ್ ರಂಜಾನ್‌ಗೂ ಬರ್ಲಿಲ್ವಾ?" ಎಂದರು ನೂರುಲ್ಲಾ.

"ಎಕ್ಸಾಮ್ ಅಣ್ಣಾ. ಹಾಸ್ಟೆಲಲ್ಲೇ ಇಫ್ತಾರ್ ಮಾಡ್ತಾನೆ ಪಾಪ" ಎಂದರು ಅಮ್ರೀನ್ ಆಂಟಿ, ಗಂಜಿಯ ಪಾತ್ರೆಯನ್ನು ನೋಡುತ್ತಾ.

"ಹುಡುಗ ಅಂದ್ರೆ ಹಂಗಿರ್ಬೇಕು! ಓದು ಅಂದ್ರೆ ಓದು. ನಮ್ಮವಳೂ ಇದ್ದಾಳೆ, ಒಂದು ಪೇಜು ಓದೋಕೆ ಒಂದು ಕೆಟಲ್ ಚಹಾ ಬೇಕು."

"ನಮ್ರಾದೇನಾಯ್ತು ಕಮರ್? ರಿಸಲ್ಟ್ ಎಲ್ಲಾ ಬಂದಿರ್ಬೇಕಲ್ಲ ಇಷ್ಟೊತ್ತಿಗೆ?" ಎಂದು ಮಾತು ಬದಲಿಸಿದರು ಅಮ್ರೀನ್ ಆಂಟಿ.

"ಎಲ್ಲಿ ಬಂತು? ಇನ್ನೂ ಏನೂ ಇಲ್ಲ. ದುವಾ ಮಾಡು" ಎಂದರು ಕಮರ್ ಜಹಾನ್, ರೆಪ್ಪೆ ಸಹ ಮಿಟುಕಿಸದೆ.

ನಮ್ರಾ ಕೈಯಲ್ಲಿದ್ದ ಸಮೋಸವನ್ನು ನೋಡಿದಳು. ತಿನ್ನಲಾಗಲಿಲ್ಲ. ಇದೇ ಅಜಾನಿಗೆ, ಹತ್ತು ನಿಮಿಷದ ದಾರಿಯಲ್ಲಿ, ಒಬ್ಬ ಹುಡುಗ ಕಲ್ಲಿನ ಕಟ್ಟೆಯ ಮೇಲೆ ಒಬ್ಬನೇ ನೀರು ಕುಡಿದು ರೋಜಾ ಬಿಡುತ್ತಿದ್ದ. ಅವನು ಹೊರಗಿರುವುದು ತಾವು ಒಳಗಿರುವುದರಿಂದ. ಅವನ ಮಾತನ್ನು ಹೇಳುವ ಹಕ್ಕು ಅವಳಿಗಿರಲಿಲ್ಲ. ಆದರೆ ತನ್ನ ಮಾತು ತನ್ನದೇ ಅಲ್ಲವೇ ಎಂದು ಅನ್ನಿಸಿತು.

"ಬಂದಿದೆ ಆಂಟಿ. ಎರಡು ಕಡೆಯಿಂದ" ಎಂದುಬಿಟ್ಟಳು.

ಕಮರ್ ಜಹಾನ್ ಅವಳ ತೊಡೆ ಹಿಂಡಿದರು. ನಮ್ರಾ ನಿಲ್ಲಿಸಲಿಲ್ಲ.

"ಒಂದು ಜುಹೈಬ್ ಓದೋ ಕಾಲೇಜೇ. ಅದೇ ಸ್ಕಾಲರ್‌ಶಿಪ್. ನನಗೆ ಆ ಗ್ರೇಡಿನ ಕಂಡೀಷನ್ ನೋಡಿದ್ರೆ ಭಯ ಆಗುತ್ತೆ. ನನಗೆ ಮೊದಲನೇ ಸಲ ಯಾವತ್ತೂ ಚೆನ್ನಾಗಿ ಬರಲ್ಲ. ಇವತ್ತು ನಾವು ಬೀಚಿಗೆ ಹೋಗಿರ್ಲಿಲ್ಲ, ಇಲ್ಲಿನ ಕ್ಯಾಂಪಸ್ ನೋಡೋಕೆ ಹೋಗಿದ್ವಿ. ಯಾರನ್ನ ಕೇಳ್ಬೇಕೋ ಗೊತ್ತಾಗ್ತಾ ಇಲ್ಲ ಆಂಟಿ. ನೀವೇನಾದ್ರೂ ಹೇಳಿ."

ಅಮ್ರೀನ್ ಆಂಟಿ ಗಂಜಿಯ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. ಕ್ಯಾಂಪಸ್ ಎಂಬ ಮಾತು ಕೇಳಿದಾಗಲೇ ಅವರ ಮುಖ ಬದಲಾಗಿತ್ತು. ನಮ್ರಾಳ ಮುಖವನ್ನೇ ಬಹಳ ಹೊತ್ತು ನೋಡಿದರು. ಇವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಹುಡುಕಿದ ಹಾಗಿತ್ತು. ಕೊನೆಗೆ ದುಪಟ್ಟಾದಲ್ಲಿ ಕೈ ಒರೆಸಿಕೊಂಡು ಫೋನ್ ತೆಗೆದರು.

"ಮನೆಗೆ ಬಾ" ಎಂದರು ಫೋನಿಗೆ. "ಹೌದು, ಅವರು ಇಲ್ಲೇ ಇದ್ದಾರೆ. ಪರ್ವಾಗಿಲ್ಲ, ಬಾ ಕಂದಾ. ಗಂಜಿ ಆರಿಹೋಗುತ್ತೆ."

ಜುಹೈಬ್ ಬಾಗಿಲಲ್ಲಿ ನಿಂತಾಗ ನೂರುಲ್ಲಾ ಇನ್ನೂ ಲೆಕ್ಕ ಹಾಕುತ್ತಿದ್ದರು.

"ಎಲ್.ಎ.ಯಿಂದ ಇಷ್ಟು ಬೇಗ ಬಂದೆಯೇನಪ್ಪಾ? ಟ್ರಾಫಿಕ್ ಇರ್ಲಿಲ್ವಾ?"

"ನಾನು ಬಂದು ಹತ್ತು ತಿಂಗಳಾಯ್ತು ಅಂಕಲ್" ಎಂದ ಜುಹೈಬ್.

ಅಮ್ರೀನ್ ಆಂಟಿ ಅಳಲಿಲ್ಲ. ಮಗನಿಗೆ ತಟ್ಟೆ ಹಾಕುತ್ತಾ ತಾವೇ ಎಲ್ಲವನ್ನೂ ಹೇಳಿದರು, ನಡುವೆ "ಇದು ಬಿಸಿ ಇದೆ, ನೋಡ್ಕೊಂಡು" ಎನ್ನುತ್ತಾ. ಕಮರ್ ಜಹಾನ್ ಬಾಯಿಗೆ ಸೆರಗು ಹಿಡಿದು ಕೇಳಿದರು. ಮುಗಿದ ಮೇಲೆ, "ಹತ್ತು ತಿಂಗಳು ಒಬ್ಬಳೇ ನುಂಗಿಕೊಂಡಿದ್ದೆಯಾ ಅಮ್ರೀನ್? ವಾರಕ್ಕೆ ಮೂರು ಸಲ ಫೋನಲ್ಲಿ ಮಾತಾಡ್ತೀವಲ್ಲೇ!" ಎಂದರು.

"ನೀನು ಇವತ್ತು ಏನೂ ಬಂದಿಲ್ಲ ಅಂದೆಯಲ್ಲ, ಅದೇ ಥರ" ಎಂದರು ಅಮ್ರೀನ್ ಆಂಟಿ. ಆಮೇಲೆ ಇಬ್ಬರೂ ನಕ್ಕರು. ಆದರೆ ಅದು ಪೂರ್ತಿ ನಗುವಾಗಿರಲಿಲ್ಲ.

ಹೊರಡುವಾಗ ಜುಹೈಬ್ ಕಾರಿನವರೆಗೆ ಬಂದ. "ನನ್ನನ್ನು ನೋಡಿ ಡಿಸೈಡ್ ಮಾಡ್ಬೇಡ" ಎಂದ. "ಅಲ್ಲಿನ ನನ್ನ ರೂಮ್‌ಮೇಟ್‌ಗೂ ಅದೇ ಸ್ಕಾಲರ್‌ಶಿಪ್. ಅವನು ಚೆನ್ನಾಗೇ ಇದ್ದಾನೆ. ಕಾಲೇಜು ಕೆಟ್ಟದ್ದಲ್ಲ."

ಇದು ನಮ್ರಾಳಿಗೆ ಸಹಾಯ ಮಾಡಲಿಲ್ಲ, ಇನ್ನೂ ಗೊಂದಲ ಹೆಚ್ಚಿಸಿತು. ಜುಹೈಬ್ ಬಿದ್ದದ್ದು ಗ್ರೇಡಿನಿಂದಲೋ, ಅದನ್ನು ಮುಚ್ಚಿಟ್ಟದ್ದರಿಂದಲೋ? ಮುಚ್ಚಿಡುವುದು ತನ್ನ ಅಭ್ಯಾಸವೂ ಅಲ್ಲವೇ? ಹಾಗಾದರೆ ಸ್ಯಾನ್ ಡಿಯಾಗೋಗೆ ಹೋದರೂ ಅದೇ ಅಲ್ಲವೇ? ವಾರವೆಲ್ಲ ಇದನ್ನೇ ತಿರುವಿ ಮುರುವಿ ಯೋಚಿಸಿದಳು. ಆ ದಿನಗಳಲ್ಲಿ ಅವಳು ಹತ್ತಿರದಲ್ಲೇ ಇದ್ದ ನಮ್ಮ ಮನೆಗೆ ಬಂದು, ನನ್ನ ಮಂಚದ ತುದಿಯಲ್ಲಿ ಕುಳಿತು ಎದ್ದು ಹೋಗುತ್ತಿದ್ದಳು.

ಈದ್ ಮುಗಿದ ಮಾರನೆಯ ದಿನ ಅಪ್ಪನ ಮುಂದೆ ಕುಳಿತಳು.

"ನೀನು ಜುಹೈಬ್ ಅಲ್ಲ" ಎಂದರು ನೂರುಲ್ಲಾ ಮೊದಲೇ. "ಅವನು ಹುಡುಗಾಟದವನು. ನೀನು ಹಠಮಾರಿ. ನಿನಗೆ ಆಗುತ್ತೆ."

"ಅಬ್ಬಾ, ಒಂದು ಮಾತು. ಮೊದಲನೇ ಟರ್ಮ್‌ನಲ್ಲಿ ನನಗೆ ಸಿ ಬಂದ್ರೆ ನಿಮಗೆ ಹೇಳ್ಬಹುದಾ?"

"ಸಿ ಯಾಕೆ ಬರುತ್ತೆ?"

"ನೋಡಿ, ಇದೇ."

ನಮ್ರಾ ನಿಧಾನವಾಗಿ, ತಾನು ಅಭ್ಯಾಸ ಮಾಡಿಕೊಂಡು ಬಂದದ್ದನ್ನು ಹೇಳಿದಳು. ತನಗೆ ಮೊದಲು ತಪ್ಪಾಗುತ್ತದೆ, ಆಮೇಲೆ ಬರುತ್ತದೆ. ತಪ್ಪಾದಾಗ ಕೇಳುವುದಕ್ಕೆ ಧೈರ್ಯ ಬೇಕು. ಒಂದು ತಪ್ಪಿಗೆ ಎಲ್ಲ ಕಳೆದುಹೋಗುವ ಕಡೆ ತನಗೆ ಆ ಧೈರ್ಯ ಬರುವುದಿಲ್ಲ, ಬಚ್ಚಿಡುವ ಬುದ್ಧಿ ಬರುತ್ತದೆ. ಸಾಲ ತೀರಿಸಬಹುದು, ಆ ಬುದ್ಧಿಯಿಂದ ಡಾಕ್ಟರ್ ಆಗಲಾರೆ.

"ರೋಗಿ ಮುಂದೆ ತಪ್ಪಾದ್ರೂ ಬಚ್ಚಿಡ್ತೀನಿ ಆಮೇಲೆ" ಎಂದಳು.

"ಸಾಲ ನಿನ್ನ ಹೆಸರಲ್ಲಿ ಇರುತ್ತೆ" ಎಂದರು ನೂರುಲ್ಲಾ. "ಸುಲಭ ಅಂದ್ಕೋಬೇಡ. ನಾನು ಈಗಲೂ ಇದು ತಪ್ಪು ಅಂತಾನೇ ಹೇಳೋದು."

"ಹೇಳಿ ಅಬ್ಬಾ. ಆದ್ರೆ ಸಿ ಬಂದ್ರೆ ಫೋನ್ ಎತ್ತಿ."

ಅವರು ಎದ್ದು ಗ್ಯಾರೇಜಿಗೆ ಹೋಗಿ ತಮ್ಮ ಟೂಲ್ ಬ್ಯಾಗನ್ನು ಸುಮ್ಮನೆ ಜೋಡಿಸತೊಡಗಿದರು. ಕಮರ್ ಜಹಾನ್ ಮಾತ್ರ ಅಡುಗೆಮನೆಯಿಂದಲೇ ಅಮ್ರೀನ್ ಆಂಟಿಗೆ ಫೋನ್ ಹಚ್ಚಿ, ಅಲ್ಲಿ ಹಾಸ್ಟೆಲ್ ಚೆನ್ನಾಗಿದೆಯಾ, ಹಲಾಲ್ ಊಟ ಸಿಗುತ್ತದೆಯಾ ಎಂದು ವಿಚಾರಿಸಿದರು. ಇನ್ನೂ ಪಕ್ಕಾ ಆಗಿರಲಿಲ್ಲ. ಆ ರಾತ್ರಿಯೇ ನಮ್ರಾ ಸ್ಯಾನ್ ಡಿಯಾಗೋಗೆ ಒಪ್ಪಿಗೆ ಕಳಿಸಿದಳು.

ಅವಳು ಹೇಳಿದ್ದು ನಿಜವಾಯಿತು. ಮೊದಲ ಟರ್ಮ್‌ನಲ್ಲಿ ರಸಾಯನಶಾಸ್ತ್ರದಲ್ಲಿ ಸಿ ಪ್ಲಸ್ ಬಂತು. ಅದೇ ದಿನ ಮನೆಗೆ ಫೋನ್ ಮಾಡಿದಳು. ನೂರುಲ್ಲಾ "ಮೇಷ್ಟ್ರನ್ನ ಯಾವಾಗ ನೋಡ್ತೀಯಾ?" ಎಂದು ಕೇಳಿದರಂತೆ. "ನಾಳೆ" ಎಂದಳಂತೆ. ಮುಂದಿನ ವರ್ಷ ಅದೇ ವಿಷಯವನ್ನು ಅವಳು ಕಿರಿಯರಿಗೆ ಹೇಳಿಕೊಡುವ ಕೆಲಸಕ್ಕೆ ಸೇರಿದಳು, ಅದರಿಂದ ಖರ್ಚಿಗೆ ಸ್ವಲ್ಪ ಒದಗುತ್ತದೆ. ಸಾಲ ಇದೆ. ಮೆಡಿಕಲ್ ಸೀಟು ಸಿಗುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಫೀಸಿನ ಕಾಗದ ಬಂದಾಗಲೆಲ್ಲ ನೂರುಲ್ಲಾ ಈಗಲೂ ಒಮ್ಮೆ ನಿಟ್ಟುಸಿರು ಬಿಡುತ್ತಾರೆ. ನಮ್ರಾ ಕಾಗದ ತೆಗೆದುಕೊಂಡು ಹೋಗುತ್ತಾಳೆ.

ಇದನ್ನು ಬರೆಯಬಹುದು ಎಂದು ನಮ್ರಾ ಹೇಳಿದ್ದಾಳೆ. ಆದರೆ ಇದರಲ್ಲಿ ಜುಹೈಬ್‌ನ ಮಾತೂ ಇದೆ, ಅಮ್ರೀನ್ ಆಂಟಿಯ ಮಾತೂ ಇದೆ, ಅವರನ್ನು ನಾನಿನ್ನೂ ಕೇಳಿಲ್ಲ. ಈ ಶನಿವಾರ ದೊಡ್ಡಮ್ಮನ ಜೊತೆ ಸ್ಯಾನ್ ಡಿಯಾಗೋಗೆ ಹೋಗಿ, ಅವರಿಬ್ಬರ ಎದುರು ಕುಳಿತು ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ, ಅವರು ಹೂಂ ಅಂದರೆ ಮಾತ್ರ ರಾಜಲಕ್ಷ್ಮಿ ಆಂಟಿಗೆ ಕೊಡುತ್ತೇನೆ.